ಕಿಡ್ನಿ ಕಸಿಯ ನಂತರ ಏರುವ ಕೊಲೆಸ್ಟ್ರಾಲ್: ಕಲಬುರಗಿಯಲ್ಲಿದ್ದುಕೊಂಡು ನಿಭಾಯಿಸುವ ಬಗೆ

ಹೈದರಾಬಾದಿನಲ್ಲೋ ಸೋಲಾಪುರದಲ್ಲೋ ಬೆಂಗಳೂರಿನಲ್ಲೋ ಕಿಡ್ನಿ ಕಸಿ ಮಾಡಿಸಿಕೊಂಡು ಕಲಬುರಗಿಗೆ ಮರಳಿದವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಅಂಕಿ ಇರುತ್ತದೆ: ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್. 1.1 ಬಂದರೆ ನೆಮ್ಮದಿ, 1.4 ಬಂದರೆ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಅದು ತಪ್ಪಲ್ಲ. ಆದರೆ ಅದೇ ಫೈಲಿನಲ್ಲಿ ಎರಡು ಹಾಳೆ ಕೆಳಗಿರುವ ಲಿಪಿಡ್ ಪ್ರೊಫೈಲನ್ನು, ಅಂದರೆ ರಕ್ತದ ಕೊಬ್ಬಿನ ವರದಿಯನ್ನು, ಯಾರೂ ತೆಗೆದು ನೋಡುವುದಿಲ್ಲ. ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಪ್ರಾಣಕ್ಕೆ ಎರವಾಗುವ ಮುಖ್ಯ ಕಾರಣಗಳಲ್ಲಿ ಹೃದಯಾಘಾತ ಒಂದು. ಡಯಾಲಿಸಿಸ್ ಮೇಲಿದ್ದ ವರ್ಷಗಳು, ಬಿಪಿ, ಶುಗರ್ ಎಲ್ಲ ಸೇರಿ ರಕ್ತನಾಳಗಳು ಮೊದಲೇ ಬಳಲಿರುತ್ತವೆ. ಅವುಗಳ ಮೇಲೆ ಕೊಲೆಸ್ಟ್ರಾಲ್ ಏರಿದರೆ ತಡೆಯುವ ಶಕ್ತಿ ಕಡಿಮೆ.

ಈ ದಾರಿಯಲ್ಲಿ ನಡೆದ ನಾವು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಸಿಯಾದವರ ಕೊಲೆಸ್ಟ್ರಾಲ್ ಹಾಳೆಯನ್ನು ಒಂಟಿಯಾಗಿ ಓದಬಾರದು. ಪಕ್ಕದಲ್ಲಿ ಕಸಿ ಗುಳಿಗೆಗಳ, ಅಂದರೆ ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ತಡೆಯುವ ಔಷಧಗಳ, ಚೀಟಿ ಇರಲೇಬೇಕು. ಕೊಲೆಸ್ಟ್ರಾಲ್ ಏರುವುದಕ್ಕೆ ಅರ್ಧ ಕಾರಣ ಆ ಚೀಟಿಯಲ್ಲೇ ಇರುತ್ತದೆ. ಇಳಿಸಲು ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ ಎಂಬುದನ್ನೂ ಆ ಚೀಟಿಯೇ ನಿರ್ಧರಿಸುತ್ತದೆ. ಪಕ್ಕದ ಮನೆಯ ಹೃದ್ರೋಗಿಗೆ ಬರೆದ 40 ಮಿಲಿಗ್ರಾಂ ಗುಳಿಗೆಯನ್ನು ಕಸಿಯಾದವರು ನುಂಗಿದರೆ ಸ್ನಾಯು ಕರಗಿ ಕಿಡ್ನಿಗೇ ಪೆಟ್ಟು ಬೀಳಬಹುದು.

ಮೊದಲು ಏರುವುದು ಯಾಕೆ ಎಂಬುದು. ಕಸಿಯಾದ ಮೊದಲ ತಿಂಗಳಲ್ಲಿ ಪ್ರೆಡ್ನಿಸೊಲೋನ್ ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ ಆಸುಪಾಸು ಇರುತ್ತದೆ. ಆಮೇಲೆ ಮೆಲ್ಲಗೆ ಇಳಿಸುತ್ತ 5 ಮಿಲಿಗ್ರಾಂಗೆ ತರುತ್ತಾರೆ. ಈ ಸ್ಟೀರಾಯ್ಡ್ ಒಂದು ಕಡೆ ಲಿವರಿನಿಂದ ಹೆಚ್ಚು ಕೊಬ್ಬು ರಕ್ತಕ್ಕೆ ಬಿಡಿಸುತ್ತದೆ, ಇನ್ನೊಂದು ಕಡೆ ಇನ್ಸುಲಿನ್ನಿನ ಕೆಲಸ ಮಂದ ಮಾಡುತ್ತದೆ, ಮೇಲಿಂದ ಹಸಿವು ಹೆಚ್ಚಿಸುತ್ತದೆ. ಡಯಾಲಿಸಿಸ್ ಕಾಲದಲ್ಲಿ ಬಾಯಿಗೆ ರುಚಿಯೇ ಇಲ್ಲದವರು ಈಗ ಎರಡು ರೊಟ್ಟಿಯ ಜಾಗದಲ್ಲಿ ನಾಲ್ಕು ತಿನ್ನುತ್ತಾರೆ, ಮನೆಯವರೂ ಖುಷಿಯಿಂದ ಬಡಿಸುತ್ತಾರೆ. ಮೂರರಿಂದ ಆರು ತಿಂಗಳಲ್ಲಿ ತೂಕ ಏರುತ್ತದೆ, ಜತೆಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಎರಡೂ.

ಕಸಿ ಗುಳಿಗೆಗಳಲ್ಲಿ ಒಂದಾದ ಸೈಕ್ಲೋಸ್ಪೋರಿನ್ ಮೇಲಿರುವವರಿಗೆ ಇನ್ನೊಂದು ಹೊರೆ ಇದೆ. ಲಿವರ್ ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಮಾರ್ಪಡಿಸಿ ಹೊರಹಾಕುವ ದಾರಿಗೆ ಅದು ಅಡ್ಡ ಬರುತ್ತದೆ, ರಕ್ತದಲ್ಲಿನ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಕೆಲಸಕ್ಕೂ ತೊಡಕು ಮಾಡುತ್ತದೆ. ಟ್ಯಾಕ್ರೊಲಿಮಸ್ ಕೊಲೆಸ್ಟ್ರಾಲ್ ವಿಷಯದಲ್ಲಿ ಅದಕ್ಕಿಂತ ಮೃದು. ಆದರೆ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಕೆಗೆ ಪೆಟ್ಟು ಕೊಟ್ಟು ಹೊಸದಾಗಿ ಸಕ್ಕರೆ ಕಾಯಿಲೆ ತರುವುದು ಅದರಲ್ಲೇ ಜಾಸ್ತಿ, ಸಕ್ಕರೆ ಏರಿದರೆ ಟ್ರೈಗ್ಲಿಸರೈಡೂ ಏರುತ್ತದೆ. ಎಲ್ಲಕ್ಕಿಂತ ಜೋರಾಗಿ ಏರಿಸುವುದು ಸಿರೊಲಿಮಸ್ ಮತ್ತು ಎವೆರೊಲಿಮಸ್. ಇವುಗಳಲ್ಲಿ ಡೋಸ್ ಹೆಚ್ಚಿದಷ್ಟೂ ಕೊಬ್ಬು ಹೆಚ್ಚು, ಟ್ರೈಗ್ಲಿಸರೈಡ್ ಅಂತೂ ಕೆಲವರಲ್ಲಿ ದಿಗಿಲು ಹುಟ್ಟಿಸುವ ಮಟ್ಟ ಮುಟ್ಟುತ್ತದೆ. ಮೈಕೋಫಿನೊಲೇಟ್ ಮತ್ತು ಅಜಥಿಯೋಪ್ರಿನ್ ಈ ವಿಷಯದಲ್ಲಿ ನಿರಪರಾಧಿಗಳು.

ಇಷ್ಟು ತಿಳಿದ ಮೇಲೆ ಕೆಲವರಿಗೆ ಬರುವ ಯೋಚನೆ ಒಂದೇ: ಹಾಗಾದರೆ ಸ್ಟೀರಾಯ್ಡ್ ಬಿಟ್ಟುಬಿಡೋಣ. ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಕೊಲೆಸ್ಟ್ರಾಲ್ ಏರಿದ್ದನ್ನು ಇಳಿಸಬಹುದು, ರಿಜೆಕ್ಷನ್ ಆದ, ಅಂದರೆ ಮೈ ತಿರಸ್ಕರಿಸಿದ, ಕಿಡ್ನಿಯನ್ನು ಮರಳಿ ತರುವುದು ಪ್ರತಿ ಸಲ ಆಗುವ ಮಾತಲ್ಲ. ಸೈಕ್ಲೋಸ್ಪೋರಿನ್ನಿನಿಂದ ಟ್ಯಾಕ್ರೊಲಿಮಸ್ಸಿಗೆ ಬದಲಿಸುವುದು, ಸಿರೊಲಿಮಸ್ ಡೋಸ್ ತಗ್ಗಿಸುವುದು, ಸ್ಟೀರಾಯ್ಡ್ ಇಳಿಸುವುದು ಇವೆಲ್ಲ ನಿಜವಾದ ಉಪಾಯಗಳೇ. ಆದರೆ ಅವುಗಳ ಬಗ್ಗೆ ತೀರ್ಮಾನ ಮಾಡಬೇಕಾದವರು ಕಸಿ ಮಾಡಿದ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಮಾತ್ರ.

ಇನ್ನು ರಕ್ತಪರೀಕ್ಷೆ. 2009ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳಿದ ಪ್ರಕಾರ ಕಸಿಯಾದ 2ರಿಂದ 3 ತಿಂಗಳಿಗೆ ಮೊದಲ ಪೂರ್ಣ ಲಿಪಿಡ್ ಪ್ರೊಫೈಲ್, ಗುಳಿಗೆ ಬದಲಾದಾಗ ಮತ್ತೆ 2ರಿಂದ 3 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ನಮ್ಮೂರಲ್ಲಿ ಇದನ್ನು ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಯ ಜತೆಗೇ ಮುಗಿಸಿಕೊಳ್ಳುವುದು ಜಾಣತನ, ಒಂದೇ ಸೂಜಿ, ಒಂದೇ ಉಪವಾಸ. ಟ್ಯಾಕ್ರೊಲಿಮಸ್ ಮಟ್ಟ ನೋಡಬೇಕಾದದ್ದು ಹಿಂದಿನ ಡೋಸಿನ 12 ತಾಸಿನ ನಂತರ, ಮುಂದಿನ ಡೋಸ್ ನುಂಗುವ ಮೊದಲು. ರಾತ್ರಿ 8ಕ್ಕೆ ನುಂಗುವವರು ಬೆಳಿಗ್ಗೆ ಏಳೂಮುಕ್ಕಾಲಿಗೆ ಲ್ಯಾಬಿನ ಕುರ್ಚಿಯಲ್ಲಿ ಕೂತಿರಬೇಕು. ಬೆಳಗಿನ ಗುಳಿಗೆ ಜೇಬಿನಲ್ಲಿರಲಿ, ಹೊಟ್ಟೆಯಲ್ಲಲ್ಲ. ರಾತ್ರಿ ಊಟ ಎಂಟರೊಳಗೆ ಮುಗಿದಿದ್ದರೆ ಲಿಪಿಡ್ಡಿಗೆ ಬೇಕಾದ 9ರಿಂದ 12 ತಾಸಿನ ಉಪವಾಸವೂ ತಾನಾಗಿ ಆಗಿರುತ್ತದೆ. ನೀರು ಕುಡಿಯಬಹುದು, ಬೇಸಿಗೆಯಲ್ಲಿ ಕುಡಿಯಲೇಬೇಕು. ಚಹಾ ಬೇಡ.

ರಕ್ತ ಎರಡು ನಳಿಕೆಗೆ ಹೋಗುತ್ತದೆ. ಟ್ಯಾಕ್ರೊಲಿಮಸ್ಸಿಗೆ ನೇರಳೆ ಮುಚ್ಚಳದ್ದು, ಅಂದರೆ ರಕ್ತ ಹೆಪ್ಪುಗಟ್ಟದ ಇಡಿಟಿಎ ನಳಿಕೆ, ಯಾಕೆಂದರೆ ಆ ಔಷಧ ಇರುವುದು ಕೆಂಪು ರಕ್ತಕಣಗಳಲ್ಲಿ. ಲಿಪಿಡ್ಡಿಗೆ ಹೆಪ್ಪುಗಟ್ಟಿಸಿ ಸೀರಮ್ ತೆಗೆಯುವ ನಳಿಕೆ. ಟ್ಯಾಕ್ರೊಲಿಮಸ್ ನಳಿಕೆಯನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುವುದಾದರೆ ವರದಿ ತಡವಾಗಿ ಬರುತ್ತದೆ. ಲಿಪಿಡ್ ಅದೇ ಸಂಜೆಗೆ ಸಿಗುತ್ತದೆ. ಎರಡೂ ಬಂದ ಮೇಲೆಯೇ ಡಾಕ್ಟರ ಹತ್ತಿರ ಹೋಗಿ. ಅರ್ಜಿಯ ಮೇಲೆ ಹಿಂದಿನ ಡೋಸ್ ಎಷ್ಟು ಗಂಟೆಗೆ ನುಂಗಿದ್ದು, ರಕ್ತ ತೆಗೆದದ್ದು ಎಷ್ಟು ಗಂಟೆಗೆ ಎಂದು ಬರೆಸಿ. ಯಾರಾದರೂ ಮರೆತು ಗುಳಿಗೆ ನುಂಗಿ ರಕ್ತ ಕೊಟ್ಟರೆ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ನಿಜವಾದ ಮಟ್ಟ ಕುಸಿದು ರಿಜೆಕ್ಷನ್ನಿಗೆ ದಾರಿಯಾಗುತ್ತದೆ. ಮರೆತು ನುಂಗಿದ್ದರೆ ಆ ದಿನ ಲಿಪಿಡ್ ಮಾತ್ರ ಕೊಟ್ಟು, ಟ್ಯಾಕ್ರೊಲಿಮಸ್ ಮರುದಿನ ಕೊಡಿ.

ಜ್ವರ, ಭೇದಿ, ಆಸ್ಪತ್ರೆ ಸೇರಿದ ದಿನಗಳಲ್ಲಿ ಲಿಪಿಡ್ ಮಾಡಿಸಬೇಡಿ. ಮೈಗೆ ಸೋಂಕಿದ್ದಾಗ ಎಲ್‌ಡಿಎಲ್ ಇಳಿದು ಕಾಣುತ್ತದೆ, ಸುಳ್ಳು ಸಮಾಧಾನ ಸಿಗುತ್ತದೆ. ಮದುವೆ ಊಟದ ಮರುದಿನವೂ ಬೇಡ, ಟ್ರೈಗ್ಲಿಸರೈಡ್ ಹಾರಿರುತ್ತದೆ. ಅದೇ ದಿನ ಶುಗರ್, ಥೈರಾಯ್ಡಿನ ಟಿಎಸ್‌ಎಚ್, ಲಿವರಿನ ಎಸ್‌ಜಿಪಿಟಿ ಮತ್ತು ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದನ್ನೂ ನೋಡಿಸಿ. ಥೈರಾಯ್ಡ್ ಮಂದವಾಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೆಚ್ಚು ಸೋರುತ್ತಿದ್ದರೆ ಕೊಲೆಸ್ಟ್ರಾಲ್ ಏರುವುದು ಸಹಜ. ಆಗ ಮೊದಲು ನೋಡಿಕೊಳ್ಳಬೇಕಾದದ್ದು ಆ ಕಾಯಿಲೆಯನ್ನು.

ವರದಿ ಓದುವ ಲೆಕ್ಕ ಕಷ್ಟವೇನಲ್ಲ. ಒಟ್ಟು ಕೊಲೆಸ್ಟ್ರಾಲ್ 262, ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 44 ಎಂದು ಬಂದಿದೆ ಅನ್ನಿ. ಹೆಚ್ಚಿನ ಲ್ಯಾಬುಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 48. 262ರಲ್ಲಿ 44 ಮತ್ತು 48 ಕಳೆದರೆ 170. ಅದೇ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ, ‘ಡೈರೆಕ್ಟ್ ಎಲ್‌ಡಿಎಲ್’ ಎಂದು ಕೇಳಿ ಮಾಡಿಸಬೇಕು. ಕಸಿಯಾದವರಲ್ಲಿ, ಅದರಲ್ಲೂ ಸಿರೊಲಿಮಸ್ ನುಂಗುವವರಲ್ಲಿ ಇದು ಆಗಾಗ ಬರುವ ಸಂದರ್ಭ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದು ಉಳಿದದ್ದನ್ನೂ ಬರೆದಿಟ್ಟುಕೊಳ್ಳಿ, ಇಲ್ಲಿ 218. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಈ ಅಂಕಿ ಎಲ್‌ಡಿಎಲ್‌ಗಿಂತ ನಂಬಿಕಸ್ಥ.

ವರದಿಯ ಬಲಬದಿಯಲ್ಲಿ ಅಚ್ಚಾಗಿರುವ ‘ನಾರ್ಮಲ್’ ಅಂಕಣ ಆರೋಗ್ಯವಂತರದ್ದು. ಅದನ್ನು ನೋಡಿ 125 ಎಲ್‌ಡಿಎಲ್ ಪರವಾಗಿಲ್ಲ ಅಂದುಕೊಳ್ಳುವುದು ಬೇಡ. ಕಸಿಯಾದವರಲ್ಲಿ ಬಹಳ ಡಾಕ್ಟರುಗಳು 100ರ ಕೆಳಗೆ, ಹೃದಯದ ತೊಂದರೆ ಮೊದಲೇ ಇದ್ದರೆ 70ರ ಕೆಳಗೆ ಇಡಲು ನೋಡುತ್ತಾರೆ. ಕಿಡ್ನಿ ಕಾಯಿಲೆಯ ಅಂತಾರಾಷ್ಟ್ರೀಯ ಸಂಸ್ಥೆ ಕೆಡಿಐಜಿಒದ 2013ರ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಕಿಡ್ನಿ ಕಸಿಯಾದ ವಯಸ್ಕರಿಗೆ ಎಲ್‌ಡಿಎಲ್ ಎಷ್ಟೇ ಇರಲಿ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ಕೊಡುವುದು ಒಳ್ಳೆಯದು ಎನ್ನುತ್ತದೆ. ಇದರ ಹಿಂದಿರುವ ದೊಡ್ಡ ಅಧ್ಯಯನ 2003ರಲ್ಲಿ ಪ್ರಕಟವಾದ ‘ಅಲರ್ಟ್’. ಸೈಕ್ಲೋಸ್ಪೋರಿನ್ ಮೇಲಿದ್ದ 2102 ಕಿಡ್ನಿ ಕಸಿ ರೋಗಿಗಳಲ್ಲಿ ಅರ್ಧ ಜನರಿಗೆ ಫ್ಲುವಾಸ್ಟಾಟಿನ್, ಅರ್ಧ ಜನರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. ಎಲ್‌ಡಿಎಲ್ 32%ರಷ್ಟು ಇಳಿಯಿತು. ಹೃದಯದ ಎಲ್ಲ ಬಗೆಯ ಘಟನೆಗಳನ್ನು ಒಟ್ಟಿಗೆ ಎಣಿಸಿದಾಗ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ, ಆದರೆ ಹೃದಯದಿಂದಾದ ಸಾವು ಮತ್ತು ಮಾರಕವಲ್ಲದ ಹೃದಯಾಘಾತ ಸೇರಿ 35% ಕಡಿಮೆಯಾದವು. ಕಿಡ್ನಿಯ ಬಾಳಿಕೆ ಮಾತ್ರ ಅದರಿಂದ ಹೆಚ್ಚಲಿಲ್ಲ. ಹಾಗಾಗಿ ಸ್ಟಾಟಿನ್ ನುಂಗುವುದು ಹೃದಯಕ್ಕಾಗಿ, ಅದನ್ನು ಕಿಡ್ನಿಯ ಔಷಧ ಎಂದು ತಿಳಿಯಬೇಡಿ. ಕ್ರಿಯಾಟಿನಿನ್ ಇಳಿಯಲಿಲ್ಲ ಎಂದು ಬಿಟ್ಟುಬಿಡುವವರನ್ನು ಕಂಡು ಈ ಮಾತು ಬರೆಯುತ್ತಿದ್ದೇನೆ.

ಈಗ ನಿಜವಾದ ತೊಡಕಿನ ಜಾಗಕ್ಕೆ ಬರೋಣ. ಸೈಕ್ಲೋಸ್ಪೋರಿನ್ ಸ್ಟಾಟಿನ್ನುಗಳನ್ನು ಲಿವರಿನ ಒಳಗೆ ಹೋಗಗೊಡುವುದಿಲ್ಲ, ಕರಗಿಸುವ ಕಿಣ್ವವನ್ನೂ ತಡೆಯುತ್ತದೆ. ನುಂಗಿದ್ದು 10 ಮಿಲಿಗ್ರಾಂ ಆದರೂ ರಕ್ತದಲ್ಲಿ ಹಲವು ಪಟ್ಟು ನಿಲ್ಲುತ್ತದೆ. ಅದಕ್ಕೇ ಸೈಕ್ಲೋಸ್ಪೋರಿನ್ ಜತೆ ಸಿಮ್ವಾಸ್ಟಾಟಿನ್ ಮತ್ತು ಲೋವಾಸ್ಟಾಟಿನ್ ಸುತರಾಂ ಕೂಡದು, ಪಿಟಾವಾಸ್ಟಾಟಿನ್ನೂ ಬೇಡ. ರೊಸುವಾಸ್ಟಾಟಿನ್ 5 ಮಿಲಿಗ್ರಾಂ ದಾಟಬಾರದು. ಅಟೊರ್ವಾಸ್ಟಾಟಿನ್ ಬೇಡವೆನ್ನುವವರೂ ಇದ್ದಾರೆ, ಕೊಟ್ಟರೂ 10 ಮಿಲಿಗ್ರಾಂ ಒಳಗೆ. ಫ್ಲುವಾಸ್ಟಾಟಿನ್ 40, ಪ್ರಾವಾಸ್ಟಾಟಿನ್ 20 ಮಿಲಿಗ್ರಾಂವರೆಗೆ. ಟ್ಯಾಕ್ರೊಲಿಮಸ್ ಜತೆ ಇಷ್ಟು ಜಗಳವಿಲ್ಲ, ಆದರೂ ಎಚ್ಚರ ವಹಿಸುವ ಡಾಕ್ಟರುಗಳು ಅಟೊರ್ವಾಸ್ಟಾಟಿನ್ 10 ಅಥವಾ ರೊಸುವಾಸ್ಟಾಟಿನ್ 5ರಿಂದಲೇ ಶುರು ಮಾಡುತ್ತಾರೆ. ಈ ಎರಡನ್ನು ಹಗಲು ರಾತ್ರಿ ಯಾವಾಗ ನುಂಗಿದರೂ ಸರಿ. ಫ್ಲುವಾಸ್ಟಾಟಿನ್, ಪ್ರಾವಾಸ್ಟಾಟಿನ್ ಮಾತ್ರ ರಾತ್ರಿ.

ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಮತ್ತೆ ಲಿಪಿಡ್ ಮತ್ತು ಎಸ್‌ಜಿಪಿಟಿ ನೋಡುತ್ತಾರೆ. ಸಾಕಷ್ಟು ಇಳಿದಿಲ್ಲ ಎಂದರೆ ಡೋಸ್ ದುಪ್ಪಟ್ಟು ಮಾಡಿಸಲು ಅವಸರ ಬೇಡ. ಸ್ಟಾಟಿನ್ ಡೋಸ್ ಎರಡು ಪಟ್ಟಾದರೆ ಎಲ್‌ಡಿಎಲ್ ಇನ್ನೂ 6% ಮಾತ್ರ ಇಳಿಯುತ್ತದೆ, ಅಪಾಯ ಅದಕ್ಕಿಂತ ಹೆಚ್ಚು ಏರುತ್ತದೆ. ಅದರ ಬದಲು 10 ಮಿಲಿಗ್ರಾಂ ಎಜೆಟಿಮೈಬ್ ಸೇರಿಸಿದರೆ ಕರುಳಿನಲ್ಲೇ ಕೊಲೆಸ್ಟ್ರಾಲ್ ಹೀರಿಕೆ ತಗ್ಗಿ ಇನ್ನೂ 15ರಿಂದ 20% ಇಳಿಯುತ್ತದೆ. ಸೈಕ್ಲೋಸ್ಪೋರಿನ್ ಇರುವವರು ಎಜೆಟಿಮೈಬ್ ಸೇರಿಸಿದ ಮೇಲೆ ಸೈಕ್ಲೋಸ್ಪೋರಿನ್ ಮಟ್ಟ ಇನ್ನೊಮ್ಮೆ ನೋಡಿಸಬೇಕು.

ಸ್ನಾಯು ನೋವಿನ ಬಗ್ಗೆ ಬಿಡಿಸಿ ಹೇಳಬೇಕು. ಹೊಲದ ಕೆಲಸದಿಂದ ಬಂದ ನೋವು ಸಾಮಾನ್ಯವಾಗಿ ಒಂದು ಕಡೆ, ದುಡಿದ ಕೈಗೆ ಅಥವಾ ಬೆನ್ನಿಗೆ. ಎರಡು ದಿನದಲ್ಲಿ ಕಡಿಮೆಯಾಗುತ್ತದೆ. ಸ್ಟಾಟಿನ್ ನೋವು ಎರಡೂ ತೊಡೆ, ಎರಡೂ ಭುಜ, ಸೊಂಟದ ಸುತ್ತ, ಯಾವ ಕೆಲಸ ಮಾಡದಿದ್ದರೂ ಬರುತ್ತದೆ. ನೆಲದಿಂದ ಕೈ ಊರದೆ ಏಳಲು ಆಗುವುದಿಲ್ಲ, ಮೆಟ್ಟಿಲು ಹತ್ತುವಾಗ ಕಾಲು ಭಾರ. ಹೀಗಾದರೆ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ರಕ್ತಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಮೇಲ್ಮಟ್ಟದ ಹತ್ತು ಪಟ್ಟು ದಾಟಿದ್ದರೆ ಸ್ನಾಯು ಒಡೆಯುತ್ತಿದೆ ಎಂದರ್ಥ. ಮೂತ್ರ ಕಟ್ಟು ಚಹಾದ ಬಣ್ಣಕ್ಕೆ ತಿರುಗಿದರೆ ಪರೀಕ್ಷೆಗೆ ಕಾಯದೆ ಸ್ಟಾಟಿನ್ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನಿಂದ ಬರುವ ಮಯೊಗ್ಲೋಬಿನ್ ಎಂಬ ಪ್ರೋಟೀನ್ ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ಅಲ್ಲಿರುವುದು ಒಂದೇ ಕಿಡ್ನಿ. ಬೇರೆ ಗುಳಿಗೆಗಳನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ.

ಈ ಅಪಾಯ ಹೆಚ್ಚಾಗಿ ಬರುವುದು ಸ್ಟಾಟಿನ್ ಒಂದರಿಂದಲೇ ಅಲ್ಲ, ನಡುವೆ ಬಂದು ಸೇರುವ ಮೂರನೆಯ ಔಷಧದಿಂದ. ಕೆಮ್ಮು ಎಂದು ಓಣಿಯ ಕ್ಲಿನಿಕ್ಕಿಗೆ ಹೋದರೆ ಚೀಟಿಯಲ್ಲಿ ಕ್ಲಾರಿಥ್ರೋಮೈಸಿನ್ 500, ದಿನಕ್ಕೆ ಎರಡು ಸಲ ಎಂದು ಬರುತ್ತದೆ. ಕಸಿಯ ವಿಷಯ ಹೇಳದಿದ್ದರೆ ಬರೆದವರಿಗೂ ಗೊತ್ತಾಗುವುದಿಲ್ಲ. ಆ ಗುಳಿಗೆ ಟ್ಯಾಕ್ರೊಲಿಮಸ್ ಮತ್ತು ಅಟೊರ್ವಾಸ್ಟಾಟಿನ್ ಎರಡನ್ನೂ ಕರಗಿಸುವ ಒಂದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ಕೆಲವೇ ದಿನಗಳಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಹಲವು ಪಟ್ಟು ಏರಿ ಕೈ ನಡುಗುತ್ತದೆ, ಕ್ರಿಯಾಟಿನಿನ್ ಹತ್ತುತ್ತದೆ, ಅತ್ತ ತೊಡೆ ನೋವು ಶುರು. ಎರಿಥ್ರೋಮೈಸಿನ್, ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್, ಇಟ್ರಾಕೊನಜೋಲ್ ಸಹ ಇದೇ ಜಾತಿ. ಅಜಿಥ್ರೋಮೈಸಿನ್‌ನಲ್ಲಿ ಈ ತೊಡಕು ಬಹಳ ಕಡಿಮೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಕಿಣ್ವ ಜೋರಾಗಿ ಟ್ಯಾಕ್ರೊಲಿಮಸ್ ಮಟ್ಟ ಕುಸಿಯುತ್ತದೆ. ಡಿಲ್ಟಿಯಾಜೆಮ್ ಇನ್ನೊಂದು ವಿಶೇಷ: ದುಬಾರಿ ಟ್ಯಾಕ್ರೊಲಿಮಸ್ ಕಡಿಮೆ ಡೋಸಿನಲ್ಲೇ ಸಾಕಾಗಲಿ ಎಂದು ನಮ್ಮ ದೇಶದಲ್ಲಿ ಬೇಕೆಂದೇ ಅದನ್ನು ಜತೆಗೆ ಕೊಡುವುದುಂಟು. ಅದು ಸ್ಟಾಟಿನ್ ಮಟ್ಟವನ್ನೂ ಏರಿಸುತ್ತದೆ. ಬಿಪಿ ಗುಳಿಗೆ ಎಂದುಕೊಂಡು ಯಾರಾದರೂ ಅದನ್ನು ಬದಲಿಸಿದರೆ ಟ್ಯಾಕ್ರೊಲಿಮಸ್ ಇಳಿದುಹೋಗುತ್ತದೆ. ಚೀಟಿಯಲ್ಲಿ ಡಿಲ್ಟಿಯಾಜೆಮ್ ಇದ್ದವರು ಅದು ಯಾಕಿದೆ ಎಂದು ಕೇಳಿ ತಿಳಿದು, ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಟ್ರೈಗ್ಲಿಸರೈಡ್ 500 ದಾಟಿದಾಗ ಭಯ ಹೃದಯದ್ದಕ್ಕಿಂತ ಮೇದೋಜೀರಕ ಗ್ರಂಥಿಯದು. ಮೇಲ್ಹೊಟ್ಟೆ ಚುಚ್ಚಿ ಬೆನ್ನಿಗೆ ಹೋಗುವ ನೋವು, ವಾಂತಿ ಬಂದರೆ ಗ್ಯಾಸ್ ಎಂದು ಕೂರಬಾರದು. ಮೊದಲು ಮಾಡುವುದು ಶುಗರ್ ಹತೋಟಿ, ಸಿಹಿ ಮತ್ತು ಕುಡಿತ ಬಂದ್, ಸಿರೊಲಿಮಸ್ ಇದ್ದರೆ ಅದರ ಮರುಪರಿಶೀಲನೆ. ಟ್ರೈಗ್ಲಿಸರೈಡ್ ಇಳಿಸಲು ಫೆನೊಫೈಬ್ರೇಟ್ ಎಲ್ಲರೂ ಬಲ್ಲ ಗುಳಿಗೆ, ಆದರೆ ಕಸಿಯಾದವರಲ್ಲಿ ಕ್ರಿಯಾಟಿನಿನ್ ಏರಿಸುತ್ತದೆ. ಏರಿದ್ದು ಗುಳಿಗೆಯಿಂದಲೋ ರಿಜೆಕ್ಷನ್ನಿಂದಲೋ ತಿಳಿಯದೆ ಬಯಾಪ್ಸಿವರೆಗೆ ಹೋಗಬೇಕಾಗುತ್ತದೆ. ಅದೇ ಜಾತಿಯ ಜೆಮ್‌ಫೈಬ್ರೊಜಿಲ್ ಸ್ಟಾಟಿನ್ ಜತೆ ಬೇಡವೇ ಬೇಡ. ಕೊಲೆಸ್ಟ್ರಾಲ್ ಇಳಿಸಲು ಕೊಡುವ ಕೊಲೆಸ್ಟೈರಮಿನ್ ಪುಡಿ ಕರುಳಿನಲ್ಲಿ ಮೈಕೋಫಿನೊಲೇಟ್ ಹಿಡಿದಿಟ್ಟುಕೊಂಡು ಅದರ ಬಲ ತಗ್ಗಿಸುತ್ತದೆ. ಅಸಿಡಿಟಿಗೆ ಕುಡಿಯುವ ಅಲ್ಯೂಮಿನಿಯಂ–ಮೆಗ್ನೀಸಿಯಂ ಸಿರಪ್ಪಿಗೂ ಮೈಕೋಫಿನೊಲೇಟ್ ಮತ್ತು ರೊಸುವಾಸ್ಟಾಟಿನ್ ಎರಡರ ಹೀರಿಕೆ ತಗ್ಗಿಸುವ ಗುಣವಿದೆ, ನಡುವೆ ಎರಡು ತಾಸು ಅಂತರ ಬೇಕು.

ಮೆಡಿಕಲ್ ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ: “ಅಣ್ಣಾರ, ಈ ಕಂಪನಿದು ಖಾಲಿ ಆಗ್ಯದ, ಬ್ಯಾರೆದು ಕೊಡ್ತೀನಿ. ಒಳಗಿನ ಔಷಧ ಒಂದೇ ಅದ.” ಉತ್ತರ ಹೀಗಿರಲಿ: “ಕೊಲೆಸ್ಟ್ರಾಲ್ ಗುಳಿಗಿ ಆದ್ರ ಕೊಡ್ರಿ. ಕಸಿ ಗುಳಿಗಿ ಬ್ಯಾಡ್ರಿ, ನಾಳಿ ಹಳೇ ಕಂಪನಿದೇ ತರಿಸ್ರಿ.” ಅಟೊರ್ವಾಸ್ಟಾಟಿನ್ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ತೆಗೆದುಕೊಳ್ಳಲು ಹಿಂಜರಿಕೆ ಬೇಡ. ಟ್ಯಾಕ್ರೊಲಿಮಸ್ ಹಾಗಲ್ಲ. ಅದರ ಸರಿಯಾದ ಮಟ್ಟದ ಅಗಲ ಬಹಳ ಕಿರಿದು, ಕಂಪನಿ ಬದಲಾದರೆ ಡಾಕ್ಟರಿಗೆ ತಿಳಿಸಿ ಮಟ್ಟ ಮತ್ತೆ ನೋಡಿಸಬೇಕು. ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಹೇಳಿ ತರಿಸುವ ರೂಢಿ ಇಟ್ಟುಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ ಇರುವ ತಾಟಿನಲ್ಲಿ ನಾರು ಸಾಕಷ್ಟಿದೆ, ಕೊಲೆಸ್ಟ್ರಾಲ್ ಏರಿಸುವಂಥದ್ದು ಏನೂ ಇಲ್ಲ. ಕೆಡಿಸುವುದು ಎಣ್ಣೆಯ ಕೈ. ತಿಂಗಳಿಗೆ ತಲೆಗೆ ಅರ್ಧ ಲೀಟರ್, ನಾಲ್ವರ ಮನೆಗೆ ಎರಡು ಲೀಟರ್ ಎಂದು ಡಬ್ಬಿಗೆ ಹಾಕಿಟ್ಟು, ತಿಂಗಳು ಮುಗಿಯುವ ಮೊದಲು ಖಾಲಿಯಾಗುತ್ತದೆಯೇ ನೋಡಿ. ಬಹಳ ಮನೆಗಳಲ್ಲಿ ಹದಿನೈದು ದಿನಕ್ಕೇ ತಳ ಕಾಣುತ್ತದೆ. ಎಣ್ಣೆಗಾಯಿ ಬದನೆ ಮಾಡುವಾಗ ಎಣ್ಣೆ ಮೇಲೆ ತೇಲಬೇಕೆಂಬ ಹಟ ಬಿಡಬೇಕು. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಎರಡೂ ನಡೆಯುತ್ತವೆ, ಡಾಲ್ಡಾ ನಡೆಯುವುದಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಬಂಡಿಯ ಮಿರ್ಚಿ ಭಜಿಯನ್ನು ಬಿಟ್ಟೇಬಿಡಿ. ಮಾಲ್ಪುರಿಯಲ್ಲಿ ಸಕ್ಕರೆ ಮತ್ತು ಕರಿದ ಕೊಬ್ಬು ಎರಡೂ ಸೇರಿರುವುದರಿಂದ ಟ್ರೈಗ್ಲಿಸರೈಡ್ ಹೆಚ್ಚಿರುವವರು ಮುಟ್ಟಬಾರದು. ಮಾಂಸ ತಿನ್ನುವವರು ಚರಬಿ ತೆಗೆದು, ಭೇಜಾ, ಕಲೇಜಿ ಬಿಟ್ಟು, ಕೋಳಿ ಮೀನಿಗೆ ಬಂದರೆ ಒಳ್ಳೆಯದು, ಎಲ್ಲವೂ ಚೆನ್ನಾಗಿ ಬೆಂದಿರಬೇಕು.

ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡರಲ್ಲೂ ಒಳ್ಳೆಯ ಕೊಬ್ಬಿದೆ. ದಿನಕ್ಕೆ ಎರಡು ಚಮಚ ಹಾಕಿಕೊಳ್ಳಬಹುದು, ಉಪ್ಪು ಕಡಿಮೆ ಮಾಡಿ ಕುಟ್ಟಿಸಿ. ಬೂಸಲು ಹಿಡಿದ ಶೇಂಗಾ ಒಂದು ಕಾಳೂ ಬೇಡ. ಎಳ್ಳ ಅಮಾವಾಸ್ಯೆಯ ಭಜ್ಜಿ ಪೂರಾ ಬೇಯಿಸಿದ ಸೊಪ್ಪು ಕಾಳುಗಳದ್ದು, ಸಂತೋಷವಾಗಿ ತಿನ್ನಿ. ಅದರ ಜತೆ ಹಸಿ ಮೂಲಂಗಿ, ಹಸಿ ಮೆಂತೆ ಸೊಪ್ಪು ಕಚ್ಚುವ ರೂಢಿ ಮಾತ್ರ ಸೋಂಕಿನ ಭಯದಿಂದ ಬೇಡ, ಮೊದಲ ವರ್ಷವಂತೂ ಖಂಡಿತ ಬೇಡ. ಟ್ಯಾಕ್ರೊಲಿಮಸ್ ಪೊಟ್ಯಾಸಿಯಂ ಏರಿಸುವುದುಂಟು. ಹೃದಯಕ್ಕೆ ಒಳ್ಳೆಯದೆಂದು ಸೊಪ್ಪು, ಎಳನೀರು, ಒಣಹಣ್ಣು ಹೆಚ್ಚಿಸುವ ಮೊದಲು ಪೊಟ್ಯಾಸಿಯಂ ವರದಿ ನೋಡಿ. ಚಕ್ಕೋತ ಹಣ್ಣು ಮಾತ್ರ ಮನೆಗೇ ತರಬೇಡಿ, ಅದೂ ಕ್ಲಾರಿಥ್ರೋಮೈಸಿನ್ ಕಟ್ಟಿಹಾಕುವ ಕಿಣ್ವವನ್ನೇ ಕಟ್ಟಿಹಾಕುತ್ತದೆ.

ನೋಡಲು ಬಂದವರು ಪ್ರೀತಿಯಿಂದ ಹೇಳುವ ಮದ್ದುಗಳನ್ನು ನಿರಾಕರಿಸುವುದು ಕಷ್ಟ. “ಕಾಕಾ, ಅಮೃತಬಳ್ಳಿ ಕಷಾಯ ಕುಡೀರಿ, ಕೊಲೆಸ್ಟ್ರಾಲ್ ಎಲ್ಲಾ ಇಳೀತದ” ಅನ್ನುವವರಿಗೆ ಕೈಮುಗಿದು ಬೇಡ ಅನ್ನಿ. ಅದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಗಿಡ, ನಮ್ಮ ಗುಳಿಗೆಗಳೆಲ್ಲ ಅದನ್ನು ಮಲಗಿಸಲೆಂದೇ ಇರುವವು. ಲಿವರಿಗೆ ಪೆಟ್ಟಾದ ವರದಿಗಳೂ ಇವೆ. ಕೆಂಪು ಅಕ್ಕಿಯ ಹುದುಗಿನಿಂದ ಮಾಡಿದ ‘ನೈಸರ್ಗಿಕ’ ಕೊಲೆಸ್ಟ್ರಾಲ್ ಕ್ಯಾಪ್ಸೂಲುಗಳಲ್ಲಿ ಇರುವುದು ಲೋವಾಸ್ಟಾಟಿನ್ನೇ, ಅಂದರೆ ಸೈಕ್ಲೋಸ್ಪೋರಿನ್ ಜತೆ ಕೂಡದೆಂದ ಔಷಧ ಇನ್ನೊಂದು ಹೆಸರಲ್ಲಿ. ಒಗ್ಗರಣೆಯ ಬೆಳ್ಳುಳ್ಳಿಗೆ ಅಡ್ಡಿಯಿಲ್ಲ, ಕ್ಯಾಪ್ಸೂಲು ಬೇಡ.

ನಡಿಗೆ ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಆರೂವರೆಯೊಳಗೆ ಮುಗಿಸಬೇಕು. ಬೆವರಿ ನೀರು ಕಡಿಮೆಯಾದರೆ ಕ್ರಿಯಾಟಿನಿನ್ ಏರುತ್ತದೆ, ಸ್ಟಾಟಿನ್ ಮೇಲಿರುವ ಸ್ನಾಯುವಿಗೂ ಅದು ಕೆಟ್ಟದ್ದು. ಡಾಕ್ಟರು ಹೇಳಿದ ನೀರಿನ ಅಳತೆಯನ್ನು ಬೇಸಿಗೆಯಲ್ಲಿ ಎಷ್ಟು ಹೆಚ್ಚಿಸಬೇಕೆಂದು ಕೇಳಿಟ್ಟುಕೊಳ್ಳಿ. ಗುಳಿಗೆಗಳನ್ನು ತಗಡಿನ ಮಾಡಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ.

ಮಕ್ಕಳು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು. ಗರ್ಭಕ್ಕೆ ಮೊದಲು ಮೈಕೋಫಿನೊಲೇಟ್ ಬದಲಿಸಲೇಬೇಕು, ಸ್ಟಾಟಿನ್ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಹೃದಯ ಕಸಿಯಾದವರಿಗೆ ಲಿಪಿಡ್ ಎಷ್ಟೇ ಇರಲಿ ಮೊದಲ ವಾರಗಳಲ್ಲೇ ಸ್ಟಾಟಿನ್ ಶುರುವಾಗುತ್ತದೆ, ಅವರ ಲೆಕ್ಕವೇ ಬೇರೆ. ಲಿವರ್ ಕಸಿಯಾದವರಲ್ಲಿ ತೂಕ, ಶುಗರ್, ಕೊಬ್ಬು ಮೂರೂ ಒಟ್ಟಿಗೆ ಏರುತ್ತವೆ, ಪರೀಕ್ಷೆಯ ಕ್ರಮ ಮಾತ್ರ ಬಹುಮಟ್ಟಿಗೆ ಇದೇ.

ಎದೆಯಲ್ಲಿ ಒತ್ತಡ, ನಡೆದರೆ ಉಬ್ಬಸ ಕಂಡವರು ದೂರದೂರಿಗೆ ಹೊರಡುವ ಮೊದಲು ಇಲ್ಲೇ ತೋರಿಸಿಕೊಳ್ಳಬೇಕು. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ, ಬೀದರ್ ಯಾದಗಿರಿಯವರಿಗೂ ಅದು ಹತ್ತಿರ. ಆಂಜಿಯೋಗ್ರಾಂ ಬೇಕೆಂದರೆ ಬಣ್ಣದ ದ್ರವ ಹಾಕುವ ಮೊದಲು ‘ಕಸಿ ಕಿಡ್ನಿ’ ಎಂದು ಹೇಳಿ, ಇತ್ತೀಚಿನ ಕ್ರಿಯಾಟಿನಿನ್ ತೋರಿಸಿ. ಅಲ್ಲಿ ಬರೆದುಕೊಡುವ ಸ್ಟಾಟಿನ್ ಡೋಸನ್ನು ನೆಫ್ರಾಲಜಿಸ್ಟರಿಗೆ ಫೋನಿನಲ್ಲಾದರೂ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಹೃದಯಾಘಾತವಾದವರಿಗೆ 80 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಬರೆಯುವುದು ವಾಡಿಕೆ, ಕಸಿ ಗುಳಿಗೆ ನುಂಗುವವರಿಗೆ ಅದು ಹೊಂದುವುದಿಲ್ಲ.

ವರ್ಷದ ಲಿಪಿಡ್ ಪರೀಕ್ಷೆಗೆ ಹೋಗುವ ದಿನ ಕಿಡ್ನಿ ಕೊಟ್ಟವರನ್ನೂ ಕರೆದುಕೊಂಡು ಹೋಗಿ. ನಮ್ಮ ಕಡೆ ಕೊಟ್ಟವರು ಹೆಚ್ಚಾಗಿ ಅವ್ವ ಇಲ್ಲವೆ ಹೆಂಡತಿ, ಮತ್ತು ಅವರ ರಕ್ತ ನೋಡಿಸುವ ನೆನಪು ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಅವರಿಗೂ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಶುಗರ್ ಮತ್ತು ಲಿಪಿಡ್ ವರ್ಷಕ್ಕೊಮ್ಮೆ ಆಗಬೇಕು. ಅವರ ಹೆಸರಿಗೆ ಬೇರೆಯೇ ಒಂದು ಫೈಲ್ ಮಾಡಿ.